ಶಾಲೆ ತಿರುವಿನ ಬೀಗ

ಅಮೆರಿಕದ ಮೊಂಟಾನಾ ರಾಜ್ಯದ ಒಂದು ಸಣ್ಣ ಊರಿನ ಅಂಗಡಿಯಲ್ಲಿ ಜಿಂಕೆ ಬೇಟೆಯ ಪರವಾನಗಿಗೆ ಸಾಲು ನಿಂತಿತ್ತು. ಮುಂದಿದ್ದ ಮುದುಕರಿಬ್ಬರ ಮಾತು ನಿವೃತ್ತ ಟೀಚರ್ ಆರ್ಡಿತ್ ಕಿವಿಗೆ ಬಿತ್ತು.

“ಬಂದೂಕು ಎಲ್ಲೋ, ವೆಂಡೆಲ್?”

“ಗುಂಡು ತೆಗೆದು, ಪೆಟ್ಟಿಗೇಲಿಟ್ಟು ಬೀಗ ಹಾಕಿದೀನಿ. ದಾರೀಲಿ ಸ್ಕೂಲ್ ಬರುತ್ತಲ್ಲ, ಅದರ ಹತ್ತಿರ ಬಂದೂಕು ಹಾಗೇ ಒಯ್ಯೋ ಹಾಗಿಲ್ಲ ಅಂತ ಕಾನೂನು.”

“ಅಯ್ಯೋ ಮಾರಾಯ, ಸ್ಕೂಲ್ ಮುಚ್ಚಿ ಎರಡು ವರ್ಷ ಆಯ್ತು!”

“ಗೊತ್ತು ಕಣೋ ಹಾರ್ಲನ್.”

“ಮತ್ತೆ ಯಾರಿಗೋಸ್ಕರ ಬೀಗ?”

“ನನ್ನ ಮೂರೂ ಮಕ್ಕಳು ಅಲ್ಲೇ ಓದಿದ್ದು. ತಿರುವು ಬಂದ್ರೆ ಗಾಡಿ ನಿಲ್ಲಿಸ್ತೀನಿ. ಪೆಟ್ಟಿಗೆಗೆ ಬೀಗ ಹಾಕೋವರೆಗಾದ್ರೂ ಸ್ಕೂಲ್ ಒಳಗೆ ಮಕ್ಕಳಿದಾರೆ ಅನ್ಸುತ್ತೆ.”

“ನಿನಗೆ ಅರಳುಮರಳು.”

“ಇರಲಿ ಬಿಡೋ.”

ಚೀಟಿ ಪಡೆದು ಇಬ್ಬರೂ ಹೊರಟರು. ಎರಡು ವರ್ಷದ ಹಿಂದೆ ಆ ಶಾಲೆಯ ಬಾಗಿಲಿಗೆ ಕೊನೆಯ ಬೀಗ ಹಾಕಿದವಳು ಆರ್ಡಿತ್. ಅದರ ಕೀಲಿಯನ್ನು ಯಾರೂ ಕೇಳಿರಲಿಲ್ಲ. ಅದಿನ್ನೂ ಅವಳ ಕೈಚೀಲದಲ್ಲೇ ಇತ್ತು.