ಚಿದಾನಂದ ಹೇಳಿದ ಕೊನೆಯ ದೃಶ್ಯ

ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಜಯದೇವಿಯವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಚಿದಾನಂದ ಅವರೇ, ಹನುಮಂತನಗರದ ನಮ್ಮ ಚಿತ್ರಬಳಗದ ಸಭಿಕರೇ,

ಚಿದಾನಂದ ನನ್ನ ಹಳೆಯ ಗೆಳೆಯನಾದ್ದರಿಂದ ಇನ್ನು ಮುಂದೆ ಅವನು ಎಂದೇ ಕರೆಯುತ್ತೇನೆ. ಅಭಿನಂದನೆಯ ಮಾತು ಬರೆದುಕೊಂಡು ಬಂದಿದ್ದೆ, ಚೀಟಿ ಜೇಬಿನಲ್ಲೇ ಇದೆ. ಆದರೆ ಈಗಷ್ಟೇ ನೋಡಿದ ಫ್ರೆಂಚ್ ಸಿನಿಮಾ ನನ್ನ ತಲೆ ಕೆಡಿಸಿಬಿಟ್ಟಿದೆ.

ನಮ್ಮ ಬಳಗದ ಪದ್ಧತಿ ನಿಮಗೆ ಗೊತ್ತು. ಪರದೆಯ ಮೇಲೆ ನಟರು ಫ್ರೆಂಚಿನಲ್ಲಿ ಮಾತಾಡುತ್ತಾರೆ, ಪಕ್ಕದಲ್ಲಿ ಮೈಕು ಹಿಡಿದು ಚಿದಾನಂದ ಕನ್ನಡದಲ್ಲಿ ಹೇಳುತ್ತಾನೆ. ಇಪ್ಪತ್ತು ವರ್ಷದಿಂದ ಅವನು ಹೇಳಿದ್ದೇ ನಮಗೆ ಕಥೆ. ಇವತ್ತಿನದು ಇಬ್ಬರು ದರೋಡೆಕೋರರದು. ಅವರ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಟೋಪಿಯವನು, ಮೀಸೆಯವನು ಎನ್ನೋಣ. ಮೀಸೆಯವನು ಪೊಲೀಸರಿಗೆ ಗೆಳೆಯನ ಹೆಸರು ಹೇಳಿಬಿಡುತ್ತಾನೆ. ಟೋಪಿಯವನು ಎಂಟು ವರ್ಷ ಜೈಲಿನಲ್ಲಿದ್ದು, ಪಿಸ್ತೂಲು ಹಿಡಿದು ಮೀಸೆಯವನ ಮನೆಗೆ ಬರುತ್ತಾನೆ. ಗುಂಡು ಹಾರುತ್ತದೆ. ಆಗ ಚಿದಾನಂದ ಏನೆಂದ?

"ಗುಂಡು ಹೊಡ್ದಿದ್ದು ಗೋಡೆಗೆ. ಹೆಸ್ರು ಹೇಳಿದ್ದು ನೀನೇ ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು ಕಣೋ, ಬಾ ಕಾಫಿ ಕುಡಿಯೋಣ ಅಂತಾನೆ ಟೋಪಿಯವನು."

ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆದರೆ ಸಭಿಕರೇ, ಸೋಫಾದ ಹಿಂದೆ ಒಂದು ಕೈ ಅಲುಗಾಡದೆ ಬಿದ್ದಿತ್ತಲ್ಲ? ನಿಮಗೆ ಕಾಣಲಿಲ್ಲವೇ? ನನ್ನ, ಅಂದರೆ ಈ ಗೌರೀಶಂಕರನ, ಕನ್ನಡಕ ಹೋದ ತಿಂಗಳಷ್ಟೇ ಜಯನಗರದಲ್ಲಿ ಮಾಡಿಸಿದ್ದು, ಅದು ಸುಳ್ಳು ಹೇಳುವುದಿಲ್ಲ.

ಹಿಂದೆ ಚಿದಾನಂದ, ನಾನು ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೆವು. ಮುಷ್ಕರದ ಕರಪತ್ರವನ್ನು ತ್ಯಾಗರಾಜನಗರದ ಅವನ ಕೋಣೆಯಲ್ಲಿ ಕೂತು ಇಬ್ಬರೂ ಬರೆದೆವು. ಬರೆದವರು ಯಾರೆಂದು ಮ್ಯಾನೇಜರು ಕೇಳಿದಾಗ ಯಾರೋ ಅವನೊಬ್ಬನ ಹೆಸರು ಹೇಳಿದರು. ಅವನ ಕೆಲಸ ಹೋಯಿತು. ನನಗೆ ಬಡ್ತಿ ಸಿಕ್ಕಿತು. ಕೆಲಸ ಹೋಗದಿದ್ದರೆ ಅವನು ಫ್ರೆಂಚ್ ಕಲಿತು, ಪಾಠ ಹೇಳಿ ಬದುಕುತ್ತಿದ್ದನೇ? ನಮಗೆ ಈ ಸಿನಿಮಾಗಳು ಅರ್ಥವಾಗುತ್ತಿದ್ದವೇ? ಹೀಗೆಂದು ಮೂವತ್ತು ವರ್ಷ ಸಮಾಧಾನ ಮಾಡಿಕೊಂಡೆ.

ಯಾರೋ ಎಂದೆನಲ್ಲ, ಯಾರೋ ಅಲ್ಲ. ನಾನೇ. ಹೇಳಲು ನಾಚಿಕೆಯಾಗುತ್ತದೆ.

ಚಿದಾನಂದ, ನಿನಗೆ ಮೊದಲಿಂದಲೂ ಗೊತ್ತಿತ್ತೇ? ಅದಕ್ಕೇ ಕಥೆ ಬದಲಾಯಿಸಿದೆಯಾ? ಇಲ್ಲವೇ ಸಿನಿಮಾದಲ್ಲೇ ಹಾಗಿದೆಯೋ? ನನಗೆ ಫ್ರೆಂಚ್ ಬರುವುದಿಲ್ಲ, ನೀನು ಹೇಳಿದ್ದನ್ನೇ ನಂಬಬೇಕು.

ಜಯದೇವಿಯವರು ಗಡಿಯಾರ ತೋರಿಸುತ್ತಿದ್ದಾರೆ. ಶಾಲು ಹೊದಿಸುವ ಕೆಲಸ ನನ್ನದೆಂದು ಆಹ್ವಾನ ಪತ್ರಿಕೆಯಲ್ಲಿದೆ, ದಯವಿಟ್ಟು ಬೇರೆಯವರು ಹೊದಿಸಲಿ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ನೀನು ಕಾಫಿಗೆ ಕರೆದರೆ ಬರುತ್ತೇನೆ. ಕರೆಯದಿದ್ದರೆ, ಪರದೆಯ ಮೇಲೆ ನಾನು ಕಂಡ ಆ ಕೈಯೇ ನಿಜ ಎಂದುಕೊಂಡು ಮನೆಗೆ ಹೋಗುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞ. ನಮಸ್ಕಾರ.