ಈರಕ್ಕನ ಮನೆಯಿಂದ ರಾಜಾಸಾಬರ ಗ್ಯಾರೇಜಿನವರೆಗೆ

ನನ್ನ ಹೆಸರು ಈರಕ್ಕ, ಗಂಡ ದಿವಂಗತ ಬೊಮ್ಮಪ್ಪ, ವಯಸ್ಸು 52 ವರ್ಷ, ಉದ್ಯೋಗ ಮನೆ ಮುಂದಿನ ಕಟ್ಟೆಯ ಮೇಲೆ ಮಿರ್ಚಿ-ಮಂಡಕ್ಕಿ ವ್ಯಾಪಾರ, ವಾಸ ಬಾವಿಕಟ್ಟಿ ಓಣಿ, ಕೊಟ್ಟೂರು, ಕೂಡ್ಲಿಗಿ ತಾಲ್ಲೂಕು. ವಿಳಾಸದಲ್ಲಿ "ನಾಗಲಿಂಗಮ್ಮನ ಮನೆಯ ಪಕ್ಕ" ಎಂದು ರೈಟರ್ ಸಾಹೇಬರು ಸೇರಿಸಿದ್ದನ್ನು ನಾನು ಹೊಡೆದುಹಾಕಿಸಿದ್ದೇನೆ. ನಾನೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ,

ನಾಗಲಿಂಗಮ್ಮ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಓಣಿಯ ಇಳಿಜಾರಿನಲ್ಲಿ ಆಕೆಯ ಮನೆ ಮೇಲೆ, ನನ್ನದು ಕೆಳಗೆ, ನಡುವೆ ಒಂದೇ ಗೋಡೆ. ಇಳಿಜಾರಿನ ಕೊನೆಗೆ ರಾಜಾಸಾಬರ ಗ್ಯಾರೇಜು. ಹಿರೇಸೊಸೆಯಾಗಿ ಆ ಓಣಿಗೆ ಮೊದಲು ಬಂದವಳು ನಾನು. ಆದರೂ ಜನ ನನ್ನ ಮನೆಯನ್ನು "ನಾಗಲಿಂಗಮ್ಮನ ಬಾಜೂ ಮನಿ" ಎಂದೇ ಕರೆಯುತ್ತಾರೆ. ನನ್ನ ಮಿರ್ಚಿ ತಿಂದು ಹೋದವರೂ ಹಾಗೆಯೇ ಅನ್ನುತ್ತಾರೆ.

ಮಳೆ ಬಂದರೆ ನಮ್ಮಿಬ್ಬರ ಮನೆಗೂ ನೀರು ನುಗ್ಗುತ್ತಿದ್ದ ಕಾರಣ ಪಟ್ಟಣ ಪಂಚಾಯಿತಿಯವರು ಕಳೆದ ತಿಂಗಳ ಸಭೆಯಲ್ಲಿ ಮಳೆನೀರಿನ ಗಟಾರಕ್ಕೆ ಮಂಜೂರಾತಿ ಕೊಟ್ಟರು. ದಿನಾಂಕ 12-5-2003ರಂದು ಓಣಿಯ ಬಾಯಲ್ಲಿ ತಗಡಿನ ಬೋರ್ಡ್ ನೆಟ್ಟರು. ಅದರಲ್ಲಿ "ನಾಗಲಿಂಗಮ್ಮನ ಮನೆಯಿಂದ ರಾಜಾಸಾಬರ ಗ್ಯಾರೇಜಿನವರೆಗೆ ಮಳೆನೀರು ಚರಂಡಿ ಸುಧಾರಣೆ" ಎಂದು ಬರೆದಿತ್ತು. ಓದಿದವಳೇ ಪಂಚಾಯಿತಿಗೆ ಹೋದೆನು. ಮೆಂಬರ್ ಗಂಗಾಧರ್ ಅವರನ್ನು ಕೇಳಲಾಗಿ, "ಆಕಿ ಮನಿ ಅಂದ್ರ ಎಲ್ಲಾರಿಗೂ ಗೊತ್ತಾಗ್ತೈತಿ, ಬಿಡವ್ವಾ" ಎಂದರು. ಹಾಗಾದರೆ ನಾನು ಯಾರಿಗೂ ಗೊತ್ತಿಲ್ಲವೇ? ಇದನ್ನು ಸಾಹೇಬರು ಬರೆದುಕೊಳ್ಳಬೇಕು.

ದಿನಾಂಕ 14-5-2003ರಂದು ಬೆಳಗ್ಗೆ ಆರು ಗಂಟೆಗೆ ನಾನು ಆಕೆಯ ಹೆಸರಿನ ಮೇಲೆ ಸುಣ್ಣ ಬಳಿದು, ಒಣಗಿದ ಮೇಲೆ ಬಾಗಿಲಿಗೆ ಹಚ್ಚಿ ಉಳಿದಿದ್ದ ನೀಲಿ ಬಣ್ಣದಿಂದ "ಈರಕ್ಕನ" ಎಂದು ಬರೆದೆನು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ದಿನಾಂಕ 19-5-2003ರಂದು ಬೆಳಗ್ಗೆ ಹತ್ತು ಗಂಟೆಗೆ ಮೇಸ್ತ್ರಿ ದಾದಾಪೀರ್ ಜೆಸಿಬಿ ತಂದು, ಬೋರ್ಡ್ ಓದಿ, "ಈರಕ್ಕ ಅಂದ್ರ ಯಾರ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದನು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದು "ನಾನ" ಎಂದೆನು. ಆತನು ಬಾಣಲಿ ತೆಗೆಯಲು ಹೇಳಿ, ಗಟಾರ ಇಲ್ಲಿಂದಲೇ ಶುರು ಎಂದು, ನನ್ನ ಗಂಡ ಕಟ್ಟಿಸಿದ ಕಟ್ಟೆಯನ್ನು ಒಡೆದುಹಾಕಿದನು. ನಾಗಲಿಂಗಮ್ಮನ ಕಟ್ಟೆ ಅದಕ್ಕಿಂತ ಮೇಲಿದ್ದುದರಿಂದ ಒಂದು ಕಲ್ಲೂ ಅಲುಗಲಿಲ್ಲ. ಬಾಯಿ ಮಾಡಿದ್ದಕ್ಕೆ ಆತನು, "ಬೋರ್ಡ್ ನೋಡೇ ಕೆಲಸ ಮಾಡ್ತೀವ್ರಿ, ಹಳೇ ಹೆಸರಿದ್ದಿದ್ರ ಮೊದಲು ಆಕಿ ಕಟ್ಟಿ ಹೋಗ್ತಿತ್ತು" ಎಂದನು.

ಸಂಜೆ ನಾಗಲಿಂಗಮ್ಮ ಬಂದು, "ಯಕ್ಕಾ, ಅಳಬ್ಯಾಡ, ನಮ್ಮ ಕಟ್ಟಿ ಐತಲ್ಲ, ಅಲ್ಲೇ ಬಾಣಲಿ ಇಡು ಬಾ" ಎಂದಳು. ಆಕೆ ಕೊಂಕು ಆಡಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ಮರುಗಿಯೇ ಹೇಳಿದಳು. ನಾನು ಅಲ್ಲಿ ಕುಳಿತರೆ ನಾಳೆಯಿಂದ ಅದು "ನಾಗಲಿಂಗಮ್ಮನ ಕಟ್ಟಿ ಮಿರ್ಚಿ" ಆಗುತ್ತದೆ. ಹಿಟ್ಟು ನನ್ನದು, ಎಣ್ಣೆ ನನ್ನದು, ಸುಟ್ಟುಕೊಳ್ಳುವ ಕೈಯೂ ನನ್ನದು.

ಆದ್ದರಿಂದ ಆಕೆಯ ಕಟ್ಟೆಯನ್ನೂ ಒಡೆಸಬೇಕೆಂದು ಕೇಳಿಕೊಳ್ಳಲು ಇಂದು ಬಂದೆನು. ಸಾಹೇಬರು ಮೇಸ್ತ್ರಿಯನ್ನು ಕರೆಸಿ ವಿಚಾರಿಸಲಾಗಿ, ಗಟಾರವನ್ನು ಆಕೆಯ ಮನೆಯಿಂದ ತೆಗೆಯಬಹುದು, ಆದರೆ ಬೋರ್ಡಿನಲ್ಲಿ ಹಳೆಯ ಹೆಸರನ್ನೇ ಬರೆಸಬೇಕಾಗುತ್ತದೆ ಎಂದು ತಿಳಿಸಿದನು. ನಾನು ಒಂದು ಲೋಟ ನೀರು ಕೇಳಿ ಕುಡಿದೆನು. ಆಕೆಯ ಕಟ್ಟೆ ಆಕೆಗೇ ಇರಲಿ. ಬೋರ್ಡನ್ನು ಮಾತ್ರ ಯಾರೂ ಮುಟ್ಟಕೂಡದು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಹೆಬ್ಬೆಟ್ಟು ಒತ್ತಲು ಮಸಿ ತಂದಿದ್ದರು, ಬೇಡವೆಂದಿದ್ದೇನೆ. ನನ್ನ ಹೆಸರು ಬರೆಯಲು ನನಗೆ ಬರುತ್ತದೆ. ಬೇಕಾದರೆ ಬೋರ್ಡ್ ನೋಡಬಹುದು.

ಸ್ಥಳ: ಕೊಟ್ಟೂರು
ದಿನಾಂಕ: 20-5-2003
ಸಹಿ: ಈರಕ್ಕ