ಇನ್ನು ಮೇಲೆ ಈ ಎಚ್ಚರಿಕೆ ಬೇಡ

...ಅಲ್ಲ ನಾಗಿ, ನೀನು ಹಾಗೆ ಬಾಗಿಲಲ್ಲೇ ನಿಂತ್ರೆ ನಾನು ಎಂತ ಹೇಳೋದು? ಒಳಗೆ ಬಾ. ಕುರ್ಚಿ ಮೇಲೆ ಕೂತ್ಕ. ಅಯ್ಯೋ, ನೆಲದ ಮೇಲೆ ಬೇಡವೇ! ಶಿರಸಿ ಪೊಲೀಸ್ ಸ್ಟೇಷನ್ನಿಂದ ಸೀದಾ ಇಲ್ಲಿಗೇ ಬಂದ್ಯಾ? ಚಾ ತರಿಸ್ಲಾ? ...ಬೇಡ್ವಾ. ಸರಿ, ಬಿಡು.

ಬೆಳಿಗ್ಗೆ ನನಗೂ ಫೋನ್ ಮಾಡಿದ್ರು ಅವರು. ಮಸ್ಕತ್ತಲ್ಲಿ ಆ ಹೆಸರಿನ ಆಸ್ಪತ್ರೆಯೇ ಇಲ್ಲವಂತಲ್ಲ! ನಿನ್ನ ಚೇತನಾ ನರ್ಸ್ ಕೆಲಸಕ್ಕೆ ಅಂತ ಇಲ್ಲಿ ಕೂತು ಅರ್ಜಿ ತುಂಬಿದ್ಳಲ್ಲ, ಆ ಪೇಜೇ ಸುಳ್ಳಂತೆ. ಮುಂಬೈಯಿಂದ 'ನಾಳೆ ವಿಮಾನ ಅವ್ವಾ' ಅಂತ ಫೋನ್ ಮಾಡಿದ್ದೇ ಕೊನೆ... ಎಷ್ಟು ದಿನ ಆಯ್ತೇ? ಐವತ್ತಾ? ...ಬೆರಳು ಮಡಚಬೇಡ, ಸಾಕು. ಗೊತ್ತಾಯ್ತು.

ನನ್ನ ಮೇಲೆ ಸಿಟ್ಟಾ? ನೋಡು, ಸಿದ್ದಾಪುರದಲ್ಲಿ ಈ ಇಂಟರ್ನೆಟ್ ಸೆಂಟರ್ ಇಟ್ಟದ್ದು ಎರಡು ಸಾವಿರದ ಒಂದರಲ್ಲಿ. ಐದು ವರ್ಷದಲ್ಲಿ ಒಬ್ರೂ ನನಗೆ ಒಂದು ಮಾತು ಅಂದದ್ದಿಲ್ಲ. ಕಂಪ್ಯೂಟರ್ ಅಂದ್ರೆ ಪರಿಮಳಕ್ಕ ಅಂತ ಹೈಸ್ಕೂಲ್ ಮೇಷ್ಟ್ರುಗಳೂ ನನ್ನ ಹತ್ರಾನೇ ಬರ್ತಾರೆ. ಹೌದೋ ಅಲ್ವೋ? ...ತಲೆಯಾದ್ರೂ ಆಡಿಸೇ!

ಅವತ್ತು ನಾನು ಅವಳ ಪಕ್ಕದಲ್ಲೇ ಇದ್ದೆ. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಕೊಟ್ಟವಳೂ ನಾನೇ. ಎಷ್ಟು ಖುಷಿ ಇತ್ತು ಆ ಹುಡುಗಿಗೆ! 'ಇನ್ನು ಅವ್ವನಿಗೆ ಕೂಲಿ ಬಿಡಿಸ್ತೇನೆ' ಅಂದ್ಳು. ...ಅಳಬೇಡ. ಅಳ್ತಾ ಇಲ್ವಾ? ಮತ್ಯಾಕೆ ಹಾಗೆ ನೋಡ್ತಿ?

ಕೇಳು. ಕಳ್ಳ ಪೇಜು ತೆರೆದ್ರೆ ಕಂಪ್ಯೂಟರೇ ಹೇಳ್ತದೆ. ಹಳದಿ ಗುರುತು ಹಾಕ್ಕಂಡು ಒಂದು ಚೌಕ ಎದ್ದು ನಿಲ್ತದೆ... 'ಇದನ್ನ ನಂಬೋಕೆ ಬರೋದಿಲ್ಲ, ಆದ್ರೂ ಮುಂದೆ ಹೋಗ್ತೀರಾ?' ಅಂತ. ಅವತ್ತು ಅದು ಬರ್ಲೇ ಇಲ್ಲ. ಬಂದಿದ್ರೆ ನಾನು ಬಿಡ್ತಿದ್ನಾ! ಪೊಲೀಸರಿಗೂ ಅದನ್ನೇ ಹೇಳಿದ್ದೇನೆ. ಬರ್ಲಿಲ್ಲ ಅಂತ.

ಇನ್ನು ಯಾರಿಗೂ ಹೀಗಾಗೂದಿಲ್ಲ, ತಿಳೀತಾ? ಮಧ್ಯಾಹ್ನ ಬಾಗಿಲು ಹಾಕ್ಕಂಡು ಆರೂ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸ್ದೆ. ಆ ಎಚ್ಚರಿಕೆ ಮತ್ತೆ ಬರೋ ಹಾಗೆ ಮಾಡಿಟ್ಟೆ...

ಎಂತ? ...ಎಂತ ಆಯ್ತೇ?

'ಮತ್ತೆ' ಅಂದ್ನಾ ನಾನು?

ಅಲ್ಲ, ಅದು... ದಿನಕ್ಕೆ ಹತ್ತು ಸಲ ಎದ್ದು ನಿಲ್ತಿತ್ತು ಮಾರಾಯ್ತಿ! ಒಳ್ಳೆ ಪೇಜಿಗೂ ಬರ್ತಿತ್ತು. ಜನ ವೈರಸ್ಸು ಅಂತ ಹೆದರಿ ಎದ್ದು ಹೋಗ್ತಿದ್ರು. ಅದಕ್ಕೇ ತೆಗೆದಿಟ್ಟಿದ್ದೆ. ಎಲ್ಲರೂ ತೆಗೀತಾರೆ! ಶಿರಸಿಯಲ್ಲಿ, ಯಲ್ಲಾಪುರದಲ್ಲಿ, ಎಲ್ಲಾ ಕಡೆ... ಯಾವಾಗ ಅಂದ್ರೆ... ಚೇತನಾ ಬರೋದಕ್ಕಿಂತ ಮೊದಲೇ. ತುಂಬಾ ಮೊದಲೇ.

ನಾಗಿ, ಏನಾದ್ರೂ ಮಾತಾಡೇ. ಬೈಯಿ. ಸುಮ್ನೆ ಕೂರಬೇಡ... ಹಾಗೆ ಸುಮ್ನೆ ಕೂರಬೇಡವೇ ನೀನು!

...ಅವತ್ತೇ ತೆಗೆದದ್ದು. ಅವಳು ಎದ್ದು ಹೋದ ಮೇಲೆ.

ಬಂದಿತ್ತು ನಾಗಿ. ಆ ಚೌಕ ಬಂದಿತ್ತು. ಅವಳು ಕೈ ಹಿಂದೆ ತಗಂಡು 'ಪರಿಮಳಕ್ಕಾ, ಇದು ಎಂತ ಹೇಳ್ತದೆ?' ಅಂತ ಕೇಳಿದ್ಳು. ನಾಲ್ಕು ಸಾಲು ಇಂಗ್ಲಿಷು. ಎರಡು ಸಲ ಓದ್ದೆ. ನನಗೆ... ನನಗೆ ಅದು ಅರ್ಥ ಆಗ್ಲಿಲ್ಲವೇ. ಯೆಸ್, ನೋ ಅಷ್ಟೇ ಗೊತ್ತಾದ್ದು. ಊರಿಗೆಲ್ಲಾ ಹೇಳಿಕೊಡುವವಳು, ಆ ಸಣ್ಣ ಹುಡುಗಿ ಎದುರು 'ಗೊತ್ತಿಲ್ಲ' ಅನ್ನೋಕೆ ನಾಲಗೆ ಹೊರಳಲಿಲ್ಲ. 'ಎಂತದೂ ಇಲ್ಲ, ಎಲ್ಲರಿಗೂ ಬರ್ತದೆ, ಯೆಸ್ ಒತ್ತು' ಅಂದೆ. ಆಮೇಲೆ, ಇನ್ಯಾರೂ ನನ್ನನ್ನ ಹಾಗೆ ಕೇಳದೇ ಇರ್ಲಿ ಅಂತ ಅದು ಬರೋದನ್ನೇ ನಿಲ್ಲಿಸ್ದೆ. ಇವತ್ತು ಡಿಕ್ಷನರಿ ಇಟ್ಕಂಡು ಒಂದೊಂದೇ ಶಬ್ದ ಓದ್ದೆ. ಇವತ್ತು!

ಅವಳು ಹೆದರಿದ್ಳು ನಾಗಿ. ನಿನ್ನ ಮಗಳು ಹೆದರಿ, ನನ್ನ ಮುಖ ನೋಡಿ, ಆಮೇಲೆ ಒತ್ತಿದ್ಳು.